ಮೂರನೇ ದರ್ಜೆ ಎಂಬ ಬೈಗುಳ

ಭಾರತದ ಕ್ಲಬ್ಬೊಂದು ಸ್ಪೇನಿನಿಂದ ಡಿಫೆಂಡರ್ ಒಬ್ಬನನ್ನು ಕರೆಸಿಕೊಂಡಾಗಲೆಲ್ಲ ಒಂದು ಶಾಸ್ತ್ರ ನಡೆಯುತ್ತದೆ. ಅಭಿಮಾನಿಗಳು ಮೊಬೈಲಿನಲ್ಲಿ ಆತನ ಜಾತಕ ತೆಗೆಯುತ್ತಾರೆ. ಬಾರ್ಸಿಲೋನಾ ಇಲ್ಲ, ರಿಯಲ್ ಮ್ಯಾಡ್ರಿಡ್ ಇಲ್ಲ, ರಾಷ್ಟ್ರೀಯ ತಂಡದ ಅಂಗಿಯಂತೂ ಇಲ್ಲವೇ ಇಲ್ಲ. ಇರುವುದು ಯಾರೂ ಕೇಳದ ನಾಲ್ಕಾರು ಊರುಗಳ ಕ್ಲಬ್ಬು, ಅವುಗಳ ಪಕ್ಕದಲ್ಲಿ ‘ಸೆಗುಂದಾ ಬಿ’ ಎಂಬ ಒಂದು ಮಾತು. ತೀರ್ಪು ಅಲ್ಲೇ ಸಿದ್ಧ: ಮೂರನೇ ದರ್ಜೆಯವನು. ಅಲ್ಲಿ ಚಲಾವಣೆಯಾಗದ ಸವಕಲು ನಾಣ್ಯ ಇಲ್ಲಿಗೆ ಬಂತು.

ಈ ತೀರ್ಪನ್ನು ಹನ್ನೆರಡು ತಿಂಗಳಲ್ಲಿ ಎರಡು ಸಲ ಸುಳ್ಳು ಮಾಡಿದ ಊರು ಚೆನ್ನೈ. 2018ರ ಮಾರ್ಚ್‌ನಲ್ಲಿ ಚೆನ್ನೈಯಿನ್ ಎಫ್‌ಸಿ ಐಎಸ್‌ಎಲ್ ಗೆದ್ದಿತು, 2019ರ ಮಾರ್ಚ್‌ನಲ್ಲಿ ಚೆನ್ನೈ ಸಿಟಿ ಎಫ್‌ಸಿ ಐ-ಲೀಗ್ ಗೆದ್ದಿತು. ಎರಡೂ ತಂಡಗಳ ರಕ್ಷಣೆಯಲ್ಲಿ ಸ್ಪೇನಿನ ಕೆಳ ಲೀಗುಗಳಲ್ಲಿ ಮೈ ಸವೆಸಿ ಬಂದವರಿದ್ದರು. ಬೈಗುಳ ಮಾತ್ರ ನಿಂತಿಲ್ಲ. ಅದು ತಗಲಬೇಕಾದವರಿಗೆ ತಗಲುತ್ತಲೂ ಇಲ್ಲ. ಮೂರನೇ ದರ್ಜೆಯಿಂದ ಬಂದ ಆಟಗಾರ ತಲೆ ತಗ್ಗಿಸಬೇಕಾದ್ದೇನೂ ಇಲ್ಲ. ಅಂಥದೊಂದು ದರ್ಜೆಯನ್ನು ಎಪ್ಪತ್ತೈದು ವರ್ಷಗಳಲ್ಲಿ ಕಟ್ಟಿಕೊಳ್ಳಲಾಗದವರು ತಗ್ಗಿಸಬೇಕು.

ಮೊದಲು ಪದದ ವಿಚಾರ. ಕನ್ನಡದಲ್ಲಿ ದರ್ಜೆ ಎಂದ ಕೂಡಲೇ ಮನುಷ್ಯರಿಗೆ ಬೆಲೆ ಕಟ್ಟುವ ಕೆಲಸ ಶುರುವಾಗುತ್ತದೆ. ಪ್ರಥಮ ದರ್ಜೆ ಸಹಾಯಕ, ದ್ವಿತೀಯ ದರ್ಜೆ ಸಹಾಯಕ, ‘ಡಿ’ ದರ್ಜೆ ನೌಕರ. ಪರೀಕ್ಷೆಯಲ್ಲಿ ಮೂರನೇ ದರ್ಜೆ ಎಂದರೆ ಪಾಸಾದರೂ ಫೇಲಾದ ಹಾಗೆ. ರೈಲಿನ ಮೂರನೇ ದರ್ಜೆ 1974ರಲ್ಲೇ ಹೋಯಿತು, ಅದರ ವಾಸನೆ ಮಾತಿನಲ್ಲಿ ಉಳಿದುಕೊಂಡಿದೆ; ಥರ್ಡ್ ಕ್ಲಾಸ್ ಎಂದರೆ ಇಂದಿಗೂ ಜಗಳಕ್ಕೆ ಕರೆದಂತೆ. ಲೀಗಿನ ಮೂರನೇ ಹಂತವನ್ನು ತಂದು ಈ ಪಾತ್ರೆಗೆ ಸುರಿದರೆ ಅದೂ ಅದೇ ವಾಸನೆ ಹಿಡಿಯುತ್ತದೆ.

ಸ್ಪೇನಿನವರೂ ಈ ಸಂಕೋಚದಿಂದ ಪಾರಾದವರಲ್ಲ ಎನ್ನುವುದು ಒಂದು ತಮಾಷೆ. 1977ರಲ್ಲಿ ಹೊಸ ಮೂರನೇ ಹಂತ ಕಟ್ಟಿದಾಗ ಅದನ್ನು ಮೂರನೆಯದು ಎನ್ನಲು ಅವರಿಗೆ ಬಾಯಿ ಬರಲಿಲ್ಲ. ‘ಎರಡನೆಯದರ ಬಿ’ ಎಂದು ಹೆಸರಿಟ್ಟರು. ತೆರ್ಸೇರಾ, ಅಂದರೆ ಮೂರನೆಯದು, ಎಂಬ ಹೆಸರು ನಾಲ್ಕನೇ ಹಂತಕ್ಕೆ ಹೋಯಿತು. 2021ರಲ್ಲಿ ಎಲ್ಲವನ್ನೂ ಮತ್ತೆ ಕಲಸಿ, ಮೂರನೇ ಹಂತಕ್ಕೆ ಪ್ರಿಮೇರಾ, ಅಂದರೆ ಒಂದನೆಯದು, ಎಂದೇ ಕರೆದು ಪಕ್ಕದಲ್ಲಿ ಫೆಡರೇಷನ್ನಿನ ಹೆಸರು ಅಂಟಿಸಿದರು. ಹೀಗಾಗಿ ನಮ್ಮ ಪತ್ರಿಕೆಗಳಲ್ಲಿ ‘ಮೂರನೇ ಡಿವಿಷನ್’ ಎಂದು ಅಚ್ಚಾಗುವ ಆಟಗಾರ ಕೆಲವೊಮ್ಮೆ ನಿಜದಲ್ಲಿ ನಾಲ್ಕನೇ ಹಂತದವನು. ಆದರೆ ಹೆಸರಿಗೆ ಇಷ್ಟೆಲ್ಲ ನಾಚಿಕೊಂಡವರು ಲೀಗ್ ನಡೆಸಲು ಹಿಂದೆಗೆಯಲಿಲ್ಲ. ಸೆಗುಂದಾ ಬಿಯಲ್ಲಿ ದಶಕಗಳ ಕಾಲ ಇಪ್ಪತ್ತು ತಂಡಗಳ ನಾಲ್ಕು ಗುಂಪುಗಳಿದ್ದವು. ಒಟ್ಟು 80 ಕ್ಲಬ್, ಒಂದೊಂದಕ್ಕೂ ಋತುವಿಗೆ 38 ಪಂದ್ಯ. ಅದರ ಕೆಳಗೆ ತೆರ್ಸೇರಾದಲ್ಲಿ 18 ಗುಂಪುಗಳು, ಅದಕ್ಕೂ ಕೆಳಗೆ ಪ್ರಾಂತ್ಯಗಳ ಲೀಗುಗಳು.

ಈ ಏಣಿಯಿಂದ ಬಂದ ಒಬ್ಬ ಡಿಫೆಂಡರ್‌ನ ಬದುಕು ಹೇಗಿರುತ್ತದೆ ಎನ್ನುವುದಕ್ಕೆ ಚೆನ್ನೈ ಕಂಡ ಇನ್ಯಿಗೊ ಕಾಲ್ದೆರೋನ್ ಅವರನ್ನೇ ನೋಡಬಹುದು.

ಕಾಲ್ದೆರೋನ್ ಹುಟ್ಟಿದ್ದು 1982ರ ಜನವರಿಯಲ್ಲಿ, ಬಾಸ್ಕ್ ನಾಡಿನ ವಿತೋರಿಯಾದಲ್ಲಿ. ಊರಿನ ಕ್ಲಬ್ ಅಲಾವೆಸ್. 2001ರಲ್ಲಿ ಅದು ಯುಇಎಫ್‌ಎ ಕಪ್ ಫೈನಲಿಗೆ ಹೋಗಿ ಲಿವರ್‌ಪೂಲ್ ಎದುರು 5-4ರಿಂದ ಸೋತ ತಂಡ. ಆ ವೈಭವದ ಹೊತ್ತಿನಲ್ಲಿ ಈ ಹುಡುಗನಿಗೆ ಸಿಕ್ಕಿದ್ದು ಕ್ಲಬ್ಬಿನ ಬಿ ತಂಡ. ಅಲ್ಲಿಂದ ಸೆಗುಂದಾ ಬಿಯಲ್ಲಿದ್ದ ಅಲಿಕಾಂತೆ ಎಂಬ ಕ್ಲಬ್ಬಿಗೆ ಹೋಗಿ ಆಡಿದರು. 2007ರಲ್ಲಿ ಅಲಾವೆಸ್‌ಗೆ ಮರಳುವ ಹೊತ್ತಿಗೆ ಆ ತಂಡವೇ ಎರಡನೇ ಹಂತಕ್ಕೆ ಇಳಿದಿತ್ತು, 2009ರಲ್ಲಿ ಮೂರನೇ ಹಂತಕ್ಕೂ ಜಾರಿತು. ಕಾಲ್ದೆರೋನ್ ಹೊರಬಿದ್ದರು. ಇಪ್ಪತ್ತೇಳು ವಯಸ್ಸು, ಕೈಯಲ್ಲಿ ಕ್ಲಬ್ ಇಲ್ಲ. ನಮ್ಮ ಜಾತಕ ಪಂಡಿತರು ಈ ಜಾಗದಲ್ಲಿ ಫೈಲ್ ಮುಚ್ಚಿಬಿಡುತ್ತಿದ್ದರು.

2010ರ ಜನವರಿಯಲ್ಲಿ ಅವರನ್ನು ತೆಗೆದುಕೊಂಡದ್ದು ಇಂಗ್ಲೆಂಡಿನ ಬ್ರೈಟನ್. ಅದೂ ಆಗ ಅಲ್ಲಿನ ಮೂರನೇ ಹಂತದ ಕ್ಲಬ್ಬೇ. 1997ರಲ್ಲಿ ಸ್ವಂತ ಮೈದಾನ ಮಾರಿಹೋಗಿ ಬೀದಿಗೆ ಬಿದ್ದಿತ್ತು. ಅದೇ ವರ್ಷ ಲೀಗಿನಿಂದಲೇ ಹೊರದೂಡಿಸಿಕೊಳ್ಳುವುದರಿಂದ ಕೊನೆಯ ಪಂದ್ಯದಲ್ಲಿ ಪಾರಾಗಿತ್ತು. ಎರಡು ವರ್ಷ ಪರವೂರಿನ ಮೈದಾನದಲ್ಲಿ, ಆಮೇಲೆ ಹನ್ನೆರಡು ವರ್ಷ ಓಟದ ಪಂದ್ಯಗಳ ಒಂದು ಸಣ್ಣ ಮೈದಾನದಲ್ಲಿ ದಿನ ತಳ್ಳಿತ್ತು. ಇಂಥ ತಂಡದಲ್ಲಿ ಕಾಲ್ದೆರೋನ್ ಬಲಬದಿಯ ಬ್ಯಾಕ್. 2011ರಲ್ಲಿ ಬ್ರೈಟನ್ ಮೂರನೇ ಹಂತವನ್ನು ಗೆದ್ದು ಮೇಲೇರಿತು, ಹೊಸ ಮೈದಾನಕ್ಕೂ ಹೋಯಿತು. 2016ರಲ್ಲಿ ಬರೀ ಗೋಲು ವ್ಯತ್ಯಾಸದಿಂದ ಪ್ರೀಮಿಯರ್ ಲೀಗ್ ತಪ್ಪಿಸಿಕೊಂಡಿತು. ಅಷ್ಟು ಹೊತ್ತಿಗೆ ಕಾಲ್ದೆರೋನ್ 200ಕ್ಕೂ ಹೆಚ್ಚು ಪಂದ್ಯ ಆಡಿದ್ದರು. ಅವರು ಬಿಟ್ಟ ಮರುವರ್ಷ ಕ್ಲಬ್ ಪ್ರೀಮಿಯರ್ ಲೀಗಿಗೆ ಏರಿತು, 2023ರಲ್ಲಿ ಯುರೋಪಾ ಲೀಗಿಗೂ ಹೋಯಿತು. ಮೂರನೇ ದರ್ಜೆ ಎಂಬುದು ಕ್ಲಬ್ಬಿನ ಹಣೆಬರಹವಾಗಿದ್ದರೆ ಬ್ರೈಟನ್ ಎಂದೋ ಮಣ್ಣಾಗಿರಬೇಕಿತ್ತು.

ಸೈಪ್ರಸ್‌ನಲ್ಲಿ ಒಂದು ವರ್ಷ ಕಳೆದು, 35ನೇ ವಯಸ್ಸಿನಲ್ಲಿ ಕಾಲ್ದೆರೋನ್ ಚೆನ್ನೈಯಿನ್ ಸೇರಿದರು. ಕೋಚ್ ಜಾನ್ ಗ್ರೆಗರಿ. ತಂಡ 2017-18ರ ಲೀಗಿನಲ್ಲಿ ಎರಡನೆಯದಾಗಿ ಬಂದು ಫೈನಲ್ ತಲುಪಿತು. 2018ರ ಮಾರ್ಚ್ 17ರ ಆ ಸಂಜೆ ಬೆಂಗಳೂರಿನವರಿಗೆ ನೆನಪಿಸಿಕೊಳ್ಳಲು ಹಿತವಾದದ್ದಲ್ಲ. ಕಂಠೀರವದಲ್ಲಿ ಒಂಬತ್ತನೇ ನಿಮಿಷಕ್ಕೇ ಸುನಿಲ್ ಚೆಟ್ರಿ ಗೋಲು ಹೊಡೆದಿದ್ದರು. ಕೊನೆಗೆ ಚೆನ್ನೈಯಿನ್ 3-2ರಿಂದ ಕಪ್ ಎತ್ತಿತು. ಎರಡು ಗೋಲು ಹೊಡೆದದ್ದು ಬ್ರೆಜಿಲ್‌ನ ಸ್ಟಾಪರ್ ಮೈಲ್ಸನ್ ಆಲ್ವೆಸ್, ಎರಡೂ ಕಾರ್ನರಿಗೆ ತಲೆಕೊಟ್ಟು. ಎದುರಾಳಿ ಬೆಂಗಳೂರಿನ ರಕ್ಷಣೆಯ ನಡುವೆ ಇದ್ದವರೂ ಒಬ್ಬ ಸ್ಪ್ಯಾನಿಷ್ ಅಲೆಮಾರಿಯೇ: ಲಾಸ್ ಪಾಲ್ಮಾಸ್‌ನ ಹುವಾನಾನ್. ಮರುವರ್ಷ ಬೆಂಗಳೂರಿನೊಂದಿಗೆ, 2022ರಲ್ಲಿ ಹೈದರಾಬಾದಿನೊಂದಿಗೆ ಅವರು ಐಎಸ್‌ಎಲ್ ಗೆದ್ದರು. ದೊಡ್ಡ ಹೆಸರಿನ ಆಟಗಾರರು ಬಂದು ಫೋಟೊ ತೆಗೆಸಿಕೊಂಡು ಹೋದ ಲೀಗಿನಲ್ಲಿ ಕಪ್ ಗೆಲ್ಲಿಸಿದ್ದು ಹೆಚ್ಚಾಗಿ ಇಂಥವರು.

ಚೆನ್ನೈ ಸಿಟಿಯ ಕಥೆ ಇನ್ನೂ ಗಟ್ಟಿ. ಹಣದಲ್ಲಿ ಅದು ಐಎಸ್‌ಎಲ್ ಕ್ಲಬ್ಬುಗಳ ಪಕ್ಕ ನಿಲ್ಲುವಂಥದ್ದಲ್ಲ. ಹೆಸರು ಚೆನ್ನೈನದಾದರೂ ಆಡುತ್ತಿದ್ದದ್ದು ಕೊಯಮತ್ತೂರಿನ ನೆಹರು ಸ್ಟೇಡಿಯಂನಲ್ಲಿ. ಕೋಚ್ ಸಿಂಗಾಪುರದ ಅಕ್ಬರ್ ನವಾಸ್. ಗೋಲಿನಲ್ಲಿ ನೌಸೆತ್ ಸಂತಾನಾ, ರಕ್ಷಣೆಯಲ್ಲಿ ರೊಬೆರ್ತೊ ಎಸ್ಲಾವ, ನಡುವೆ ಸಾಂದ್ರೊ ಮತ್ತು ನೆಸ್ತೊರ್ ಗೊರ್ದಿಯ್ಯೊ, ಮುಂದೆ ಪೆದ್ರೊ ಮಾನ್ಸಿ. ಎಲ್ಲರೂ ಸ್ಪೇನಿನ ಕೆಳ ಲೀಗುಗಳಿಂದ ಬಂದವರು. ಅವರ ಸುತ್ತ ತಮಿಳುನಾಡಿನ ಹುಡುಗರು: ಎಡ್ವಿನ್ ಸಿಡ್ನಿ ವಾನ್ಸ್‌ಪಾಲ್, ಅಜಿತ್ ಕುಮಾರ್, ಅಲೆಕ್ಸಾಂಡರ್ ರೊಮಾರಿಯೊ ಜೇಸುರಾಜ್. 2019ರ ಮಾರ್ಚ್ 9ರಂದು ಕೊನೆಯ ಪಂದ್ಯ, ಎದುರಾಳಿ ಮಿನರ್ವಾ ಪಂಜಾಬ್. ಗೆಲ್ಲದಿದ್ದರೆ ಕಪ್ ಈಸ್ಟ್ ಬೆಂಗಾಲ್ ಪಾಲಾಗುವ ಲೆಕ್ಕ, ಈಸ್ಟ್ ಬೆಂಗಾಲ್ ಅದೇ ಹೊತ್ತಿನಲ್ಲಿ ಕೋಳಿಕ್ಕೋಡಿನಲ್ಲಿ ಆಡುತ್ತಿತ್ತು. ಮೂರನೇ ನಿಮಿಷಕ್ಕೇ ಚೆನ್ನೈ ಸಿಟಿ ಗೋಲು ಬಿಟ್ಟುಕೊಟ್ಟಿತು. ವಿರಾಮದ ನಂತರ ಮಾನ್ಸಿ ಪೆನಾಲ್ಟಿಯಲ್ಲಿ ಸಮ ಮಾಡಿದರು. ಆಮೇಲಿನ ಎರಡು ಗೋಲುಗಳು ಭಾರತದ್ದೇ ಡಿಫೆಂಡರ್ ಗೌರವ್ ಬೋರಾ ಅವರವು. 3-1. ಚೆನ್ನೈ ಸಿಟಿಗೆ 43 ಅಂಕ, ಈಸ್ಟ್ ಬೆಂಗಾಲ್‌ಗೆ 42.

ಆ ಗೆಲುವಿನ ನಂತರ ಹುಡುಗರ ದಾರಿ ತೆರೆಯಿತು. ವಾನ್ಸ್‌ಪಾಲ್ 2019ರಲ್ಲಿ ಚೆನ್ನೈಯಿನ್ ಸೇರಿದರು. 2020ರಲ್ಲಿ ಅಜಿತ್ ಬೆಂಗಳೂರಿಗೆ, ರೊಮಾರಿಯೊ ಗೋವಾಕ್ಕೆ ಹೋದರು. ವಿದೇಶಿಯರು ಬಂದರೆ ನಮ್ಮವರು ಬೆಳೆಯುವುದಿಲ್ಲ ಎಂಬ ಮಂತ್ರ ಜಪಿಸುವವರು ಈ ಮೂವರ ಹೆಸರನ್ನು ಒಮ್ಮೆ ಮಂತ್ರಕ್ಕೆ ಸೇರಿಸಿ ನೋಡಲಿ.

ಇನ್ನು ಒಂದೇ ಊರಿನ ಆ ಎರಡು ತಂಡಗಳನ್ನು ಪಕ್ಕಪಕ್ಕ ಇಡಬೇಕು. ಚೆನ್ನೈ ಸಿಟಿ ಐ-ಲೀಗಿನ ತುದಿಗೇರಿದ ಅದೇ 2018-19ರ ಋತುವಿನಲ್ಲಿ ಹಾಲಿ ಚಾಂಪಿಯನ್ ಚೆನ್ನೈಯಿನ್ 18 ಪಂದ್ಯಗಳಲ್ಲಿ ಎರಡನ್ನು ಗೆದ್ದು, 9 ಅಂಕದೊಂದಿಗೆ ಐಎಸ್‌ಎಲ್‌ನ ಕಟ್ಟಕಡೆಯ ಸ್ಥಾನದಲ್ಲಿತ್ತು. ಸ್ಪೇನಿನಲ್ಲಾಗಿದ್ದರೆ ಏನಾಗುತ್ತಿತ್ತು ಎಂಬುದು ಕಾಲ್ದೆರೋನ್ ಅವರಿಗೆ ಗೊತ್ತು. 2009ರಲ್ಲಿ ಅಲಾವೆಸ್‌ನೊಂದಿಗೆ ಅನುಭವಿಸಿದ್ದರು. ಇಲ್ಲಿ ಏನೂ ಆಗಲಿಲ್ಲ. ಕೊನೆಯ ಸ್ಥಾನದ ತಂಡ ಮುಂದಿನ ವರ್ಷವೂ ಐಎಸ್‌ಎಲ್‌ನಲ್ಲಿತ್ತು. ಕಾಗದದ ಮೇಲೆ ಆಗ ಐ-ಲೀಗೂ ದೇಶದ ಮೊದಲ ಲೀಗೇ, ಆದರೆ ಹಣ, ಟಿವಿ, ಪ್ರಾಯೋಜಕರು ಎಲ್ಲ ಇನ್ನೊಂದು ಮನೆಯಲ್ಲಿದ್ದವು. ಗೆದ್ದ ತಂಡಕ್ಕೆ ಆ ಮನೆಯ ಬಾಗಿಲು ತೆರೆಯಲಿಲ್ಲ. 2014ರಿಂದ 2025ರವರೆಗೆ ಐಎಸ್‌ಎಲ್‌ನಿಂದ ಒಂದೇ ಒಂದು ತಂಡ ಸೋತು ಕೆಳಗಿಳಿದಿಲ್ಲ; ಕೆಳಗಿನಿಂದ ಮೊದಲ ತಂಡ ಗೆದ್ದು ಮೇಲೇರಲು 2023ರವರೆಗೆ ಕಾಯಬೇಕಾಯಿತು.

ಚೆನ್ನೈ ಸಿಟಿ ಅಷ್ಟು ಕಾಯಲಿಲ್ಲ. 2019ರ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ಎಫ್‌ಸಿ ಬಾಸೆಲ್ ಅದರಲ್ಲಿ ಶೇಕಡ 26ರಷ್ಟು ಪಾಲು ತೆಗೆದುಕೊಂಡಾಗ ದೊಡ್ಡ ಮಾತುಗಳು ಕೇಳಿಬಂದವು. 2021-22ರ ಐ-ಲೀಗಿನ ಪಟ್ಟಿಯಲ್ಲಿ ಆ ತಂಡದ ಹೆಸರೇ ಇರಲಿಲ್ಲ. ದೇಶದ ಲೀಗ್ ಗೆದ್ದ ತಂಡ ಮೂರು ವರ್ಷ ತುಂಬುವ ಮೊದಲು ಇಲ್ಲವಾಯಿತು, ಮತ್ತು ಅದಕ್ಕಾಗಿ ಚೆನ್ನೈನಲ್ಲಿ ಅಂಗಡಿಯೊಂದರ ಬಾಗಿಲೂ ಮುಚ್ಚಲಿಲ್ಲ.

ಸ್ಪೇನಿನಲ್ಲೂ ಕ್ಲಬ್ಬುಗಳು ಸಾಯುತ್ತವೆ, ಇದನ್ನು ಮುಚ್ಚಿಡಬೇಕಿಲ್ಲ. ಕಾಲ್ದೆರೋನ್ ಆಡಿದ ಅಲಿಕಾಂತೆಯೇ ಸಾಲದಲ್ಲಿ ಮುಳುಗಿ 2014ರಲ್ಲಿ ಮುಚ್ಚಿತು. ಅದಕ್ಕೆ ಒಂದು ವರ್ಷ ಮೊದಲು, 1923ರಲ್ಲಿ ಹುಟ್ಟಿದ ಯುಡಿ ಸಾಲಮಾಂಕಾ ಮುಚ್ಚಿತ್ತು. ಆದರೆ ಸಾಲಮಾಂಕಾದ ಅಭಿಮಾನಿಗಳು ಅದೇ 2013ರಲ್ಲಿ ಸೇರಿ ‘ಯೂನಿಯನಿಸ್ತಾಸ್’ ಎಂಬ ಹೊಸ ಕ್ಲಬ್ ಕಟ್ಟಿದರು, ಪ್ರಾಂತ್ಯದ ತಳದ ಲೀಗಿನಿಂದ ಹತ್ತಿದರು, ಮೂರನೇ ಹಂತಕ್ಕೆ ಬಂದರು. ಹತ್ತಲು ಅಲ್ಲಿ ಏಣಿ ಇತ್ತು. ಕೊಯಮತ್ತೂರಿನಲ್ಲಿ ನೂರು ಜನ ಸೇರಿ ಹಾಗೆ ಹೊರಟರೆ ಮೊದಲ ಮೆಟ್ಟಿಲು ಯಾವುದು, ಎರಡನೆಯದು ಯಾವಾಗ ನಡೆಯುತ್ತದೆ, ನಡೆದರೆ ಎಷ್ಟು ವಾರ ನಡೆಯುತ್ತದೆ ಎಂದು ಹೇಳುವವರು ಯಾರೂ ಇಲ್ಲ.

ವಿದೇಶಿ ಡಿಫೆಂಡರುಗಳ ವಿರುದ್ಧದ ವಾದದಲ್ಲಿ ಹುರುಳೇ ಇಲ್ಲ ಎಂದಲ್ಲ. ಭಾರತದ ಕ್ಲಬ್ಬುಗಳು ವಿದೇಶಿಯರನ್ನು ತರುವುದು ಮೈದಾನದ ನಡುಗೆರೆಯುದ್ದಕ್ಕೂ: ಗೋಲಿನ ಮುಂದೆ ನಿಲ್ಲುವ ಸ್ಟಾಪರ್, ಮಧ್ಯದಲ್ಲಿ ಆಟ ನಡೆಸುವವನು, ಮುಂದೆ ಗೋಲು ಹೊಡೆಯುವವನು. ನಮ್ಮ ಹುಡುಗರಿಗೆ ಉಳಿಯುವುದು ಅಂಚು. ಚೆಟ್ರಿಯಂಥವರೇ ಕ್ಲಬ್ಬಿನಲ್ಲಿ ಎಷ್ಟೋ ಋತು ಎಡ ಅಂಚಿನಲ್ಲಿ ಆಡಿದ್ದಾರೆ. ನಿವೃತ್ತರಾದ ಅವರನ್ನು 2025ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಮತ್ತೆ ರಾಷ್ಟ್ರೀಯ ತಂಡಕ್ಕೆ ಕರೆಯಬೇಕಾಯಿತು. ಇದು ನಿಜವಾದ ರೋಗ.

ಆದರೆ ಕೊಟ್ಟ ಮದ್ದು ಏನು? ಮೈದಾನದಲ್ಲಿ ಇರಬಹುದಾದ ವಿದೇಶಿಯರ ಸಂಖ್ಯೆ 2014ರಲ್ಲಿ ಆರು, 2017ರಲ್ಲಿ ಐದು, 2021ರಲ್ಲಿ ನಾಲ್ಕು. ಇಳಿಸುತ್ತ ಬಂದರು. 2025ರ ಅಕ್ಟೋಬರ್‌ನಲ್ಲಿ ಮಡಗಾಂವಿನಲ್ಲಿ ಸಿಂಗಾಪುರಕ್ಕೆ 2-1ರಿಂದ ಸೋತು ಭಾರತ 2027ರ ಏಷ್ಯನ್ ಕಪ್ ಅರ್ಹತೆಯನ್ನೇ ಕಳೆದುಕೊಂಡಿತು. ಸಿಂಗಾಪುರದ ಜನಸಂಖ್ಯೆ ಚೆನ್ನೈಗಿಂತ ಕಡಿಮೆ. ಕುರ್ಚಿಯಿಂದ ಒಬ್ಬನನ್ನು ಎಬ್ಬಿಸಿದ ಮಾತ್ರಕ್ಕೆ ಅಲ್ಲಿ ಕೂರಬಲ್ಲವನು ಹುಟ್ಟಿಬರುವುದಿಲ್ಲ.

ಸ್ಟಾಪರ್‌ನ ಕೆಲಸದ ಸ್ವಭಾವವೇ ಬೇರೆ. ಹದಿನೆಂಟರ ಹುಡುಗ ವಿಂಗ್‌ನಲ್ಲಿ ಓಡಿ ಮಿಂಚಬಹುದು. ತಪ್ಪಿದರೆ ಚೆಂಡು ಹೊರಹೋಗುತ್ತದೆ, ಅಷ್ಟೆ. ಸ್ಟಾಪರ್ ತಪ್ಪಿದರೆ ಗೋಲು. ಯಾವಾಗ ಮುಂದೆ ನುಗ್ಗಬೇಕು, ಯಾವಾಗ ಎರಡು ಹೆಜ್ಜೆ ಹಿಂದೆ ಸರಿದು ಎದುರಾಳಿಗೇ ನಿರ್ಧಾರ ಬಿಡಬೇಕು, ಆಫ್‌ಸೈಡ್ ಗೆರೆಗೆ ಪಕ್ಕದವನನ್ನು ಯಾವ ಕ್ಷಣದಲ್ಲಿ ಕೂಗಿ ಎಳೆಯಬೇಕು ಎಂಬುದನ್ನು ಅಕಾಡೆಮಿಯ ಕೋನ್‌ಗಳ ನಡುವೆ ಕಲಿಸಲಾಗದು. ಅದು ಬರುವುದು ಗೋಲು ಬಿಟ್ಟುಕೊಟ್ಟು, ಬೈಸಿಕೊಂಡು, ಮುಂದಿನ ಭಾನುವಾರ ಮತ್ತೆ ಇಳಿದಾಗ. ಅದಕ್ಕೇ ಈ ಜಾಗದ ಆಟಗಾರರು ಇಪ್ಪತ್ತೆಂಟು, ಮೂವತ್ತಕ್ಕೆ ಹಣ್ಣಾಗುತ್ತಾರೆ. ಸೆಗುಂದಾ ಬಿಯ ಹುಡುಗನಿಗೆ ವರ್ಷಕ್ಕೆ 38 ಭಾನುವಾರ ಸಿಗುತ್ತಿದ್ದವು. 2014ರ ಐಎಸ್‌ಎಲ್‌ನಲ್ಲಿ ತಂಡವೊಂದಕ್ಕೆ 14 ಲೀಗ್ ಪಂದ್ಯ, 2018-19ರಲ್ಲಿ 18. ಅದೇ ವರ್ಷದ ಐ-ಲೀಗಿನಲ್ಲಿ 20. ಇವು ದೇಶದ ತುದಿಯ ಲೀಗುಗಳು. ಇಪ್ಪತ್ತೆರಡರಿಂದ ಇಪ್ಪತ್ತೇಳರವರೆಗೆ ಸೆಗುಂದಾ ಬಿಯಲ್ಲಿ ಆಡಿದ ಡಿಫೆಂಡರ್ ಸುಮಾರು 190 ಪಂದ್ಯಗಳ ತಪ್ಪುಗಳನ್ನು ಬೆನ್ನಿಗೆ ಕಟ್ಟಿಕೊಂಡು ಚೆನ್ನೈಗೆ ಇಳಿಯುತ್ತಾನೆ. ಅದೇ ಐದು ವರ್ಷಗಳಲ್ಲಿ ಇಲ್ಲಿನ ಹುಡುಗನಿಗೆ, ಅತ್ಯುತ್ತಮ ಕ್ಲಬ್ಬಿನಲ್ಲಿ ಒಂದೂ ಪಂದ್ಯ ತಪ್ಪದೆ ಆಡಿದರೂ, ಅದರ ಅರ್ಧ. ಬೆಂಚಿನಲ್ಲಿ ಕೂತವನ ಲೆಕ್ಕ ಬೇಡ. ಬೆಂಗಳೂರಿನಿಂದ ಹದಿಹರೆಯದಲ್ಲೇ ಸ್ಪೇನಿಗೆ ಹೋಗಿ ಅಲ್ಲಿನ ಕೆಳ ಲೀಗಿನಲ್ಲಿ ಆಡಿದ ಇಶಾನ್ ಪಂಡಿತ ಕಲಿಕೆಗಾಗಿ ಯಾವ ದಿಕ್ಕಿಗೆ ಹೊರಟರು ಎಂಬುದನ್ನೂ ಇಲ್ಲಿ ಗಮನಿಸಬಹುದು.

ಒಂದು ಕಾಲಕ್ಕೆ ನಮ್ಮಲ್ಲಿ ಮೂರನೇ ಹಂತದ ಕೆಲಸವನ್ನು ಕಚೇರಿಗಳು ಮಾಡುತ್ತಿದ್ದವು. ಚೆನ್ನೈ ಸೀನಿಯರ್ ಡಿವಿಷನ್ ಎಂದರೆ ಇಂಡಿಯನ್ ಬ್ಯಾಂಕ್, ಪೆರಂಬೂರಿನ ಐಸಿಎಫ್, ಸದರ್ನ್ ರೈಲ್ವೆ. ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್, ಎಂಇಜಿ. ವ್ಯಾಸರ್‌ಪಾಡಿಯ ಅಥವಾ ಗೌತಮಪುರದ ಹುಡುಗನಿಗೆ ಚೆಂಡು ಎಂದರೆ ಕ್ರೀಡಾ ಕೋಟಾದ ನೌಕರಿ, ನೌಕರಿ ಎಂದರೆ ಮನೆ ಬಾಡಿಗೆ, ತಂಗಿಯ ಮದುವೆ, ಕೊನೆಗೆ ಪಿಂಚಣಿ. ಈ ವ್ಯವಸ್ಥೆಯನ್ನು ಹಳೆಯ ಕಾಲದ್ದೆಂದು ಗೇಲಿ ಮಾಡುವುದು ಸುಲಭ. ಆದರೆ ತಿಂಗಳ ಒಂದನೇ ತಾರೀಖು ಸಂಬಳ ಕೊಟ್ಟು ಮೂವತ್ತೈದರವರೆಗೆ ಆಡಿಸಿದ ವ್ಯವಸ್ಥೆ ಈ ದೇಶದಲ್ಲಿ ಅದೊಂದೇ. ಎಚ್‌ಎಎಲ್ 2012ರಲ್ಲಿ ಐ-ಲೀಗಿನಿಂದ ಇಳಿಯಿತು. ಅದರ ಜಾಗಕ್ಕೆ ಬಂದದ್ದು ಕಾರ್ಪೊರೇಟ್ ಕ್ಲಬ್ಬು, ಹನ್ನೊಂದು ತಿಂಗಳ ಕರಾರು.

ಆ ಕರಾರಿಗೂ ಎಷ್ಟು ಬೆಲೆ ಎಂಬುದು 2025ರಲ್ಲಿ ಗೊತ್ತಾಯಿತು. ಜುಲೈನಲ್ಲಿ ಐಎಸ್‌ಎಲ್ ನಡೆಸುವ ಕಂಪನಿ, ಫೆಡರೇಷನ್ನಿನೊಂದಿಗಿನ ಒಪ್ಪಂದ ಮುಗಿಯಲಿದೆ ಎಂದು ಹೊಸ ಋತುವನ್ನು ತಡೆಹಿಡಿಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಚೆನ್ನೈಯಿನ್ ಕೂಡ ನಿಲ್ಲಿಸಿತು. ಅದೇ ಜುಲೈನಲ್ಲಿ ಹಿಂದಿನ ಋತುವಿನ ಐ-ಲೀಗ್ ಗೆದ್ದವರು ಯಾರು ಎಂಬುದನ್ನು ಲೋಸಾನ್‌ನ ಕ್ರೀಡಾ ನ್ಯಾಯಾಲಯ ತೀರ್ಮಾನಿಸಬೇಕಾಯಿತು. ಹುವಾನಾನ್ ಕಪ್ ಗೆಲ್ಲಿಸಿದ ಹೈದರಾಬಾದ್ ತಂಡ ದೆಹಲಿಗೆ ಗಂಟುಮೂಟೆ ಕಟ್ಟಿ ಹೆಸರನ್ನೂ ಬದಲಿಸಿಕೊಂಡಿತು. ಇಂಥ ಮನೆಯ ಜಗಲಿಯಲ್ಲಿ ಕೂತು ಪರದೇಶದ ಮೂರನೇ ಹಂತವನ್ನು ಆಡಿಕೊಳ್ಳುವುದಕ್ಕೆ ಧೈರ್ಯ ಬೇಕು.

ಕಾಲ್ದೆರೋನ್ ಆಮೇಲೆ ಕೋಚ್ ಆದರು. 2024ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ರೋವರ್ಸ್ ಅವರಿಗೆ ಹೊಣೆ ಕೊಟ್ಟಿತು, ಮತ್ತೆ ಮೂರನೇ ಹಂತ. ತಂಡ ನಾಲ್ಕನೇ ಹಂತಕ್ಕೆ ಇಳಿಯಿತು, 2025ರ ಮೇನಲ್ಲಿ ಕೆಲಸ ಹೋಯಿತು. ಸೋತವರು ಇಳಿಯುವ ಲೀಗಿನಲ್ಲಿ ಅದು ಮಾಮೂಲಿ. ರೋವರ್ಸ್ ಆ ಆಗಸ್ಟ್‌ನಲ್ಲಿ, ಒಂದು ಮೆಟ್ಟಿಲು ಕೆಳಗೆ, ಮತ್ತೆ ಆಟ ಶುರು ಮಾಡಿತು.

ಮುಂದಿನ ಸಲ ಫೆಡರೇಷನ್ನಿನವರು ವಿದೇಶಿ ಆಟಗಾರರ ಮಿತಿಯನ್ನು ನಾಲ್ಕರಿಂದ ಮೂರಕ್ಕೆ ಇಳಿಸುವ ಮಾತೆತ್ತಿದರೆ ಅವರಿಗೆ ಕೇಳಬೇಕಾದ ಪ್ರಶ್ನೆಗಳು ಸರಳ. ಚೆನ್ನೈ ಸೀನಿಯರ್ ಡಿವಿಷನ್‌ನಲ್ಲಿ ಆಡುವ 23ರ ಸ್ಟಾಪರ್‌ಗೆ ಬರುವ ವರ್ಷ ಎಷ್ಟು ಪಂದ್ಯ? ಅವು ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ? ಆತನ ತಂಡ ಗೆದ್ದರೆ ಯಾವ ಲೀಗಿಗೆ, ಯಾವ ದಿನಾಂಕಕ್ಕೆ ಹೋಗುತ್ತದೆ? ಮೇಲಿನಿಂದ ಯಾರು ಇಳಿಯುತ್ತಾರೆ? ಸಂಬಳ ಎರಡು ತಿಂಗಳು ನಿಂತರೆ ಆತ ಯಾರ ಬಾಗಿಲು ತಟ್ಟಬೇಕು? ಉತ್ತರವನ್ನು ಬರಹದಲ್ಲಿ ಕೊಡಲಿ, ಅಂಕಿಗಳಲ್ಲಿ ಕೊಡಲಿ.